ಬೆಳಕಿಂಡಿ ಮುಚ್ಚಿದ ಮನೆ

ಸಂಡೂರಿನ ಕಣಿವೆಯಲ್ಲಿ ಚಳಿಗಾಲದ ಬೆಳಗಿನ ಜಾವ ಕಿಟಕಿಯ ಒಳಮೈಗೆ ನೀರು ಕಟ್ಟುವುದನ್ನು ಗಾಜು ಬೆವರುವುದೆಂದು ಹೇಳುವುದು ವಾಡಿಕೆಯಾದರೂ, ಆ ನೀರು ಗಾಜಿನದಲ್ಲ, ಮನೆಯೊಳಗಿನ ಗಾಳಿಯದು. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನ ಮೀಟರ್ ಗಾಳಿ ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಂಡರೆ, 15 ಡಿಗ್ರಿಗೆ ತಣಿದಾಗ 13 ಗ್ರಾಮಿನಷ್ಟನ್ನು ಮಾತ್ರ ಹಿಡಿಯಬಲ್ಲುದು. ತಣಿಯುತ್ತಿರುವ ಗಾಳಿ ಹೀಗೆ ತನ್ನ ಆವಿಯನ್ನು ಹನಿಯಾಗಿ ಬಿಡತೊಡಗುವ ಉಷ್ಣತೆಯೇ ಇಬ್ಬನಿ ಬಿಂದು. ಇಬ್ಬನಿಯೆಂಬುದು ಆಕಾಶದಿಂದ ಬೀಳುವ ವಸ್ತುವಲ್ಲ, ಮೋಡವಿಲ್ಲದ ರಾತ್ರಿಯಲ್ಲಿ ಶಾಖ ಕಳೆದುಕೊಂಡ ವಸ್ತುಗಳ ಮೇಲೆ ಕೂಡುವ ತೇವವೆಂದು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ 1814ರಲ್ಲಿಯೇ ಬರೆದರೂ, ಕನ್ನಡದಲ್ಲಿ ಅದು ಇಂದಿಗೂ ಬೀಳುತ್ತಲೇ ಇದೆ. ತಿದ್ದುವ ಅಗತ್ಯವೂ ಕಾಣುವುದಿಲ್ಲ.

ಈ ಸೀಮೆಯ ಹಳೆಯ ಮಾಳಿಗೆಮನೆಗಳಿಗೆ ಇಂಥ ತೊಂದರೆ ಇರಲಿಲ್ಲ, ಏಕೆಂದರೆ ಬೆವರಲು ಅವುಗಳಲ್ಲಿ ಗಾಜೇ ಇರಲಿಲ್ಲ. ತೊಲೆ, ಜಂತೆಗಳ ಮೇಲೆ ಮಣ್ಣು ಹರಡಿ ಗಟ್ಟಿಸಿದ ಚಾವಣಿ, ಮೊಳದುದ್ದ ದಪ್ಪದ ಗೋಡೆ, ಮರದ ಬಾಗಿಲಿನ ಸಣ್ಣ ಕಿಟಕಿ ಇವುಗಳ ನಡುವೆ ಆ ಮನೆಯ ನಿಜವಾದ ಜಾಣತನವಿದ್ದದ್ದು ಬೆಳಕಿಂಡಿಯಲ್ಲಿ. ಒಲೆಯ ನೆತ್ತಿಯ ಮೇಲೆ ಮಾಳಿಗೆಯನ್ನೇ ತೂತು ಮಾಡಿ ಬಿಟ್ಟ ಈ ಕಿಂಡಿಯಿಂದ ಬೆಳಕು ಇಳಿಯುತ್ತಿತ್ತು, ಹೊಗೆಯೂ ಅನ್ನದ ಹಬೆಯೂ ಏರಿ ಹೋಗುತ್ತಿದ್ದವು; ಮಳೆ ಬಂದರೆ ಯಾರಾದರೂ ಮಾಳಿಗೆ ಹತ್ತಿ ಅದನ್ನು ಮುಚ್ಚಬೇಕಿತ್ತು, ಅಷ್ಟೇ.

ಸಿಮೆಂಟಿನ ಚಾವಣಿ ಬಂದಾಗ ಕಿಂಡಿ ಹೋಯಿತು, ಅದಿರಿನ ಲಾರಿಗಳು ಹೆಚ್ಚಿದಾಗ ಕಿಟಕಿಯೂ ಮುಚ್ಚಿಕೊಂಡಿತು. ಹೊರಗಿನ ಕೆಂಧೂಳು ಒಳಬಾರದಿರಲೆಂದು ಹಾಕಿದ ಗಾಜು ಒಳಗಿನ ಆವಿ ಹೊರಹೋಗದಂತೆಯೂ ತಡೆಯಿತು. ನಾಲ್ವರು ಮಲಗಿದ ಕೋಣೆಯಲ್ಲಿ ಬೆಳಗಾಗುವಷ್ಟರಲ್ಲಿ ಉಸಿರು ಮತ್ತು ಬೆವರಿನಿಂದಲೇ ಹೆಚ್ಚುಕಡಿಮೆ ಒಂದು ಲೀಟರ್ ನೀರು ಗಾಳಿಗೆ ಸೇರುತ್ತದೆಂಬುದು ಯಾರ ಲೆಕ್ಕದಲ್ಲಿಯೂ ಇರಲಿಲ್ಲ. ಪ್ರಸ್ತುತ ಲೇಖಕನ ಮನೆಯ ಗಾಜಿನಿಂದ ಇಳಿದ ಹನಿಗಳು ಕಿಟಕಿಯ ಅಡಿಪಟ್ಟಿಯ ಧೂಳಿನಲ್ಲಿ ಬೆರೆತು ಕುಂಕುಮ ಕಲಸಿದಂತಾಗುತ್ತಿದ್ದವು. ಅದನ್ನು ಒರೆಸುತ್ತಿದ್ದ ಅಜ್ಜಿ “ಕಿಟಕಿ ಬೆವತೈತಿ, ಜ್ವರ ಬಿಟ್ಟಿರಬೇಕು ನೋಡಪ್ಪ” ಎನ್ನುತ್ತಿದ್ದಳು.

ಜ್ವರ ಬಿಡಿಸುವ ಉಪಾಯಗಳೇನೋ ಸರಳವೇ. ಪಾತ್ರೆಗೆ ಮುಚ್ಚಳ ಹಾಕಿ ಬೇಯಿಸುವುದು, ಒದ್ದೆ ಬಟ್ಟೆಯನ್ನು ಒಳಗೆ ಹರವದಿರುವುದು, ಅಡುಗೆಮನೆಗೂ ಬಚ್ಚಲಿಗೂ ಗಾಳಿ ಹೊರದೂಡುವ ಫ್ಯಾನು ಕೂರಿಸುವುದು ಆವಿಯನ್ನು ತಗ್ಗಿಸುತ್ತವೆ. ನಡುವೆ ಗಾಳಿ ಬಂಧಿಸಿದ ಜೋಡಿಗಾಜು ಒಳಗಾಜು ತಣಿಯದಂತೆ ಕಾಯುತ್ತದೆಯಾದರೂ, ವರ್ಷದಲ್ಲಿ ಕೆಲವು ವಾರಗಳ ಚಳಿಗಾಗಿ ಸಂಡೂರಿನಲ್ಲಿ ಅಷ್ಟು ಖರ್ಚು ಅತಿಯೆನ್ನಬೇಕು. ಎಲ್ಲಕ್ಕಿಂತ ಅಗ್ಗದ ಮದ್ದೆಂದರೆ ಎದುರುಬದುರಿನ ಎರಡು ಕಿಟಕಿಗಳನ್ನು ಬೆಳಿಗ್ಗೆ ಕಾಲುಗಂಟೆ ತೆರೆದಿಡುವುದು, ಆದರೆ ಲಾರಿಗಳ ಹಾದಿಯ ಮನೆಗಳಿಗೆ ದುಬಾರಿಯಾದದ್ದೂ ಅದೇ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿ ಲಾರಿಗಳ ಸಾಲು ಕರಗಿದ ಆ ಚಳಿಗಾಲದಲ್ಲಿ ಲೇಖಕನ ಮನೆಯ ಕಿಟಕಿಗಳು ರಾತ್ರಿಯಿಡೀ ತೆರೆದಿದ್ದವು. ಗಾಜು ಒಣಗಿಯೇ ಇತ್ತು. ಚಳಿ ತಾಳದ ಅಜ್ಜಿ ಮಾತ್ರ ಎರಡು ಕಂಬಳಿ ಹೊದ್ದು, ಲಾರಿಗಳು ಮತ್ತೆ ಯಾವಾಗ ಓಡುತ್ತವೆಂದು ವಿಚಾರಿಸುತ್ತಿದ್ದಳು.