ಅರವತ್ತು ದೋಣಿಗಳು

ಕಳೆದ ಮಳೆಗಾಲದ ಒಂದು ರವಿವಾರ ಅಕ್ಕನ ಮಗಳು ಬೆಳ್ತಂಗಡಿಯಿಂದ ಫೋನ್ ಮಾಡಿದಳು. ಆ ತಾಲೂಕಿನ ಕಾಲೇಜೊಂದರಲ್ಲಿ ಅವಳು ಇತಿಹಾಸದ ಅತಿಥಿ ಉಪನ್ಯಾಸಕಿ. “ಮಾಮೂ, ಲೇಖನ ಮುಗಿಯಿತು. ಪತ್ರಿಕೆಗೆ ಕಳುಹಿಸುವ ಮೊದಲು ನೀವೊಮ್ಮೆ ನೋಡಬೇಕು. ಭಾಷೆ ಮಾತ್ರ ನೋಡಿದರೆ ಸಾಕು” ಎಂದಳು.

ಕಥೆ ಬರೆಯುವವನಿಗೆ ಸಂಶೋಧನಾ ಲೇಖನದ ಗಂಧಗಾಳಿ ಎಲ್ಲಿಂದ ಬರಬೇಕು? ನಾವು ಕಥೆ ಕಳುಹಿಸುತ್ತಿದ್ದ ಕಾಲದಲ್ಲಿ ಇದ್ದ ನಿಯಮ ಎರಡೇ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಬೇಕು, ಸ್ವವಿಳಾಸದ ಲಕೋಟೆಗೆ ಅಂಚೆಚೀಟಿ ಹಚ್ಚಿ ಇಡಬೇಕು. ಅವಳ ಪತ್ರಿಕೆಯದ್ದು ನಾಲ್ಕು ಪುಟಗಳ ಸೂಚನೆ. ಮೊದಲು ಸಾರಾಂಶ, ಅದರ ಕೆಳಗೆ ಐದು ಕೀಲಿಪದ. ಬರೆದವರ ಹೆಸರು ಪ್ರತ್ಯೇಕ ಹಾಳೆಯಲ್ಲಿರಬೇಕು. ಯಾಕೆಂದರೆ ಲೇಖನವನ್ನು ಓದಿ ತೀರ್ಪು ಹೇಳುವ ಇಬ್ಬರು ವಿದ್ವಾಂಸರಿಗೆ ಅದು ಯಾರದೆಂದು ತಿಳಿಯಬಾರದು. ಅದನ್ನು ಬೇರೆಲ್ಲಿಗೂ ಕಳುಹಿಸಿಲ್ಲವೆಂದು ಬರೆದು ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿಯೊಂದು ಮಾತಿಗೂ ಆಧಾರ ಹೇಳಬೇಕು.

ಲೇಖನದ ವಿಷಯ ನಮ್ಮ ತಾಯಿಯ ಊರಿನದು. ರಸ್ತೆಗಳು ಸುಧಾರಿಸುವ ಮೊದಲು ಘಟ್ಟದ ಮೇಲಿನ ಸರಕು ಬಂಟ್ವಾಳಕ್ಕೆ ಬಂದು, ಅಲ್ಲಿಂದ ದೋಣಿಗಳಲ್ಲಿ ನೇತ್ರಾವತಿಯ ಮೂಲಕ ಮಂಗಳೂರಿಗೆ ಇಳಿಯುತ್ತಿತ್ತು. ಆ ದೋಣಿಯವರ ಮನೆಗಳಲ್ಲಿ 1923ರ ಮತ್ತು 1974ರ ನೆರೆಗಳ ನೆನಪು ಹೇಗೆ ಉಳಿದಿದೆ ಎಂಬುದನ್ನು ಅವಳು ಬರೆದಿದ್ದಳು. ಓದುತ್ತಾ ನನಗೆ ಅಭಿಮಾನವೆನಿಸಿತು. ಆರನೆಯ ಪುಟಕ್ಕೆ ಬಂದಾಗ ಮಾತ್ರ ಕೈ ನಿಂತಿತು. 1923ರ ನೆರೆಯ ಹಿಂದಿನ ದಿನ ಬಂಟ್ವಾಳದ ಕಡವಿನಲ್ಲಿ 60 ದೋಣಿಗಳಿದ್ದವು, ಮರುದಿನ ಒಂದೂ ಉಳಿಯಲಿಲ್ಲ ಎಂದಿತ್ತು. ಅದಕ್ಕೆ ಎರಡು ಆಧಾರ ಕೊಟ್ಟಿದ್ದಳು: ಒಂದು ಸ್ಮರಣ ಸಂಚಿಕೆ, ಇನ್ನೊಂದು ಲೇಖನ. ಅವಳ ಇಡೀ ವಾದ ಆ ಅಂಕಿಯ ಮೇಲೆ ನಿಂತಿತ್ತು.

ಆ ಅರವತ್ತು ದೋಣಿಗಳು ನನ್ನವು.

2003ರಲ್ಲಿ ನಾನೊಂದು ಕಥೆ ಬರೆದಿದ್ದೆ. ಪಾಣೆಮಂಗಳೂರಿನ ಮನೆಯಲ್ಲಿ ನಾನಿಮಾ ನನಗೆ ಹೇಳಿದ್ದು, “ತುಂಬಾ ದೋಣಿ ಹೋದವಂತೆ” ಎಂದಷ್ಟೆ. ಆದರೆ ಕಥೆಯಲ್ಲಿ “ತುಂಬಾ” ಎಂದರೆ ಓದುಗನ ಕಣ್ಣಿಗೆ ಏನೂ ಕಾಣುವುದಿಲ್ಲ. ಮೊದಲು ನಲವತ್ತು ಎಂದು ಬರೆದೆ. ಕಿವಿಗೆ ಹಿತವಾಗಲಿಲ್ಲ, ಅರವತ್ತು ಮಾಡಿದೆ. ಅದನ್ನು ಒಬ್ಬ ಮುದಿ ದೋಣಿಗನ ಬಾಯಲ್ಲಿ ಹೇಳಿಸಿದೆ. ಕೆಲವು ವರ್ಷಗಳ ಮೇಲೆ ಊರಿನ ಸಮಾರಂಭವೊಂದರ ಸಂಚಿಕೆಯಲ್ಲಿ ಅದು “ಹಿರಿಯರು ಹೇಳುವಂತೆ” ಎಂದು ಅಚ್ಚಾಯಿತು. ಆ ಸಂಚಿಕೆಯನ್ನು ನಂಬಿ ಇನ್ನೊಬ್ಬರು ಲೇಖನ ಬರೆದರು. ನನ್ನ ಹುಡುಗಿಗೆ ಎರಡು ಆಧಾರಗಳು ಸಿಕ್ಕಿದವು.

ಎರಡು ದಿನ ನಾನು ಬಾಯಿ ಬಿಡಲಿಲ್ಲ. ಅವಳ ಎರಡು ವರ್ಷದ ದುಡಿಮೆ, ಮುಂದಿನ ಕೆಲಸದ ಅರ್ಜಿಗೆ ಈ ಲೇಖನದ ಅಗತ್ಯ, ಇವೆಲ್ಲ ನೆಪಗಳು. ಒಳಗಿನ ಮಾತು ಬೇರೆಯೇ ಇತ್ತು. ನನ್ನ ಒಂದು ಸಾಲು ಇತಿಹಾಸವಾಗಿದೆಯಲ್ಲ ಎಂದು ಮನಸ್ಸು ಕದ್ದು ಖುಷಿಪಡುತ್ತಿತ್ತು.

ಮೂರನೆಯ ದಿನ ಅವಳನ್ನು ಮೂಡುಬಿದಿರೆಗೆ ಬರಹೇಳಿದೆ. ಗುರುವಾಯನಕೆರೆ, ವೇಣೂರು ದಾಟಿ ಬಸ್ಸಿನಲ್ಲಿ ಬಂದಳು. ಜೈನಪೇಟೆಯಲ್ಲಿ, 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಕಡೆಗೆ ನಡೆಯುತ್ತಾ ನಾನು ಧವಲಾ ಗ್ರಂಥದ ವಿಷಯ ತೆಗೆದೆ. ಹಳೆಯ ಕನ್ನಡ ಲಿಪಿಯಲ್ಲಿ ತಾಳೆಗರಿಯ ಮೇಲೆ ಬರೆದ ಆ ಜೈನ ಸಿದ್ಧಾಂತ ಗ್ರಂಥಗಳು ಶತಮಾನಗಳ ಕಾಲ ಈ ಊರಿನಲ್ಲಿ ದರ್ಶನಕ್ಕೆ ಮಾತ್ರ ಇದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಕಲು ಮಾಡುವ ಕೆಲಸ ಶುರುವಾಯಿತು. ನಕಲಿನ ನಕಲುಗಳು ಉತ್ತರ ಭಾರತ ಸೇರಿದವು. ಹೀರಾಲಾಲ್ ಜೈನ್ ಅವರು 1939ರಲ್ಲಿ ಮುದ್ರಿಸತೊಡಗಿದ್ದು ಅಂಥ ನಕಲುಗಳನ್ನು ಇಟ್ಟುಕೊಂಡೇ. ಮುಂದೆ ಮೂಡುಬಿದಿರೆಯ ಮೂಲ ಗರಿಗಳ ಪಾಠ ಸಿಕ್ಕಿದ ಮೇಲೆ ಅವರು ಎರಡನ್ನೂ ತಾಳೆ ನೋಡಿದರು. ಒಟ್ಟು 16 ಸಂಪುಟಗಳು ಬಂದವು. “ನಕಲು ಎಷ್ಟಿದ್ದರೂ ಮೂಲ ಒಂದೇ ಬೇಟಿ” ಎಂದೆ.

“ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೀರಿ ಮಾಮೂ?”

ಹೇಳಿಬಿಟ್ಟೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಕಳುಹಿಸಲು ಹತ್ತು ದಿನ ಉಂಟು” ಎಂದಳು. ಅವಳ ಮುಖ ನೋಡಲಾರದೆ ನಾನು ಅಂದೆ: “ಹಾಗೇ ಇರಲಿ ಬಿಡು. ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರಿಗೆ ಕದ್ದ ವಾಕ್ಯ ಗೊತ್ತಾಗುತ್ತದೆ, ಕಲ್ಪಿಸಿದ ದೋಣಿ ಗೊತ್ತಾಗುವುದಿಲ್ಲ.”

“ನನಗೆ ಗೊತ್ತಾಯಿತಲ್ಲ ಮಾಮೂ” ಎಂದಳು.

ನಾಚಿಕೆಯಾಯಿತು. ಚಿಕ್ಕಂದಿನಲ್ಲಿ ಉಸ್ತಾದರು ಹದೀಸ್‌ನ ಸನದಿನ ಬಗ್ಗೆ ಹೇಳಿದ್ದು ನೆನಪಾಯಿತು. ಯಾರಿಂದ ಕೇಳಿದೆ, ಅವರು ಯಾರಿಂದ ಕೇಳಿದರು ಎಂದು ಕೊಂಡಿ ಕೊಂಡಿಯಾಗಿ ಹಿಂದಕ್ಕೆ ಹೋಗಬೇಕು. ಎರಡು ಸರಪಳಿಗಳು ಕೊನೆಗೆ ಒಬ್ಬನನ್ನೇ ಮುಟ್ಟಿದರೆ ಸಾಕ್ಷಿ ಎರಡಾಗುವುದಿಲ್ಲ. ಇಲ್ಲಿ ಆ ಒಬ್ಬ ನಾನೇ. ಉರ್ದುವಿನಲ್ಲಿ ಕರಡು ಪ್ರತಿಗೆ ‘ಮುಸವ್ವದಾ’ ಎನ್ನುತ್ತಾರೆ, ಅಂದರೆ ಕಪ್ಪಾಗಿಸಿದ್ದು. ತಿದ್ದಿ ಬರೆದ ಶುದ್ಧ ಪ್ರತಿ ‘ಮುಬಯ್ಯಜಾ’, ಬಿಳಿಯಾಗಿಸಿದ್ದು. ಅವಳು ಶುದ್ಧವೆಂದು ತಂದದ್ದರಲ್ಲಿ ನನ್ನ ಕಪ್ಪು ಉಳಿದಿತ್ತು.

ಆ ದಿನಗಳಲ್ಲೇ ಅವಳಿಗೆ ಪರಿಚಯದವರೊಬ್ಬರು ಸುಲಭದ ದಾರಿ ತೋರಿಸಿದರಂತೆ: ಹಣ ಕಟ್ಟಿದರೆ ವಾರದಲ್ಲಿ ಪ್ರಕಟಿಸುವ ಪತ್ರಿಕೆ. ಯುಜಿಸಿ 2019ರಲ್ಲಿ ‘ಕೇರ್’ ಎಂಬ ಪತ್ರಿಕೆಗಳ ಪಟ್ಟಿ ಮಾಡಿತ್ತು, 2025ರಲ್ಲಿ ಅದನ್ನು ಕೈಬಿಟ್ಟಿತು. ಈಗ ಒಳ್ಳೆಯ ಪತ್ರಿಕೆ ಯಾವುದೆಂದು ಕಾಲೇಜುಗಳೂ ಬರೆಯುವವರೂ ತಾವೇ ತೂಗಿ ನೋಡಬೇಕು. ಅವಳು ಆ ಕಡೆ ತಲೆ ಹಾಕಲಿಲ್ಲ. ಮಳೆಯಲ್ಲಿ ಮತ್ತೆ ಪಾಣೆಮಂಗಳೂರಿಗೆ ಹೋದಳು. 1923ನ್ನು ಕಣ್ಣಾರೆ ಕಂಡವರು ಈಗ ಇಲ್ಲ. 1974ರ ನೆರೆ ಕಂಡವರು ಇದ್ದಾರೆ. ಅವರ ಒಪ್ಪಿಗೆ ಪಡೆದು, ಯಾರು, ಯಾವ ದಿನ, ಏನು ಹೇಳಿದರು, ಅದು ಕಂಡದ್ದೇ ಕೇಳಿದ್ದೇ ಎಂದು ಬೇರೆ ಬೇರೆ ಬರೆದುಕೊಂಡಳು. 1801ರಲ್ಲಿ ಬಂಟ್ವಾಳಕ್ಕೆ ಬಂದಿದ್ದ ಬುಕಾನನ್‌ನ ಪ್ರವಾಸ ಕಥನವನ್ನೂ ಮತ್ತೆ ತೆರೆದು, ಅವನು ಕಂಡದ್ದೆಷ್ಟು, ಜನ ಹೇಳಿದ್ದೆಷ್ಟು ಎಂದು ನೋಡಿದಳು. ಎರಡು ಪುಟ ಹೋಯಿತು. ಲೇಖನ ಸಣ್ಣದಾಯಿತು, ಗಟ್ಟಿಯಾಯಿತು. ನನ್ನಿಂದ ಒಂದು ಪತ್ರವನ್ನೂ ಬರೆಸಿಕೊಂಡಳು: ಅಂಕಿ ಕಾಲ್ಪನಿಕ, ಸಹಿ. ಅದು ಅವಳ ಅಡಿಟಿಪ್ಪಣಿಗೆ ಸೇರಿತು. ಕೊನೆಯ ದಿನ ಲೇಖನ ಕಳುಹಿಸಿದಳು. ವಿದ್ವಾಂಸರ ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಂತೆ, ಕಾಯುತ್ತಿದ್ದಾಳೆ.

ಮೊನ್ನೆ ಪಾಣೆಮಂಗಳೂರಿನಲ್ಲಿ ಒಂದು ಮದುವೆ. ಊಟಕ್ಕೆ ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರು ಹಳೆಯ ನೆರೆಯ ಮಾತೆತ್ತಿದರು. “ಗೊತ್ತುಂಟಾ, ಅರವತ್ತು ದೋಣಿ ಒಂದೇ ರಾತ್ರಿಯಲ್ಲಿ ಹೋದದ್ದು!”

“ಇಲ್ಲ ಕಾಕ, ಅದು ನಾನು ಕಥೆಗಾಗಿ ಬರೆದದ್ದು” ಎಂದೆ.

ಅವರು ನಕ್ಕರು. “ನೀನು ಹುಟ್ಟುವ ಮೊದಲೇ ನಾನದನ್ನು ಕೇಳಿದ್ದೇನೆ ಮಾರಾಯ” ಎಂದು ನನ್ನ ಬಟ್ಟಲಿಗೆ ಇನ್ನೊಂದು ತುಂಡು ಮಾಂಸ ಹಾಕಿದರು.