ಚೆಂಡಾಟದ ಯಾತ್ರೆ

ಯಾತ್ರೆಯೆಂದೊಡನೆ ನಮ್ಮ ಜನರ ಮನಸ್ಸು ಕಾಶಿ ರಾಮೇಶ್ವರಗಳ ಕಡೆಗೆ ಹರಿಯುವುದು ಸಹಜ. ಮೂವತ್ತೈದು ವರ್ಷಗಳ ಕಾಲ ಹುಡುಗರಿಗೆ ಶಬ್ದರೂಪಗಳನ್ನೂ ಅಮರಕೋಶವನ್ನೂ ಬಾಯಿಪಾಠ ಮಾಡಿಸಿ ನಿವೃತ್ತರಾದ ನಾವು, ಅರವತ್ತನೆಯ ವಯಸ್ಸಿನಲ್ಲಿ, ಅಮೆರಿಕಾ ದೇಶದ ಚೆಂಡಾಟದ ಬಯಲುಗಳನ್ನೂ ಬಿಯರ್ ತಯಾರಿಸುವ ಮನೆಗಳನ್ನೂ ನೋಡಿಬಂದೆವೆಂದರೆ ವಾಚಕರಲ್ಲಿ ಕೆಲವರು ಮುಗುಳ್ನಕ್ಕಾರು, ಕೆಲವರು ಹುಬ್ಬು ಗಂಟಿಕ್ಕಿಯಾರು. ನಾವು ಆ ಪಾನೀಯವನ್ನು ಹಿಂದೆಯೂ ಮುಟ್ಟಿದವರಲ್ಲ, ಈ ಯಾತ್ರೆಯಲ್ಲಿಯೂ ಮುಟ್ಟಲಿಲ್ಲ. ಆದರೆ ಅಲ್ಲಿ ಕಂಡುದರಲ್ಲಿ ಸಂಸಾರಿಗಳಾದ ಎಲ್ಲರಿಗೂ ಸಂಬಂಧಿಸಿದ ಒಂದು ವಿಷಯವಿದ್ದುದರಿಂದ ಅದನ್ನು ಇಲ್ಲಿ ನಿವೇದಿಸುತ್ತೇವೆ.

ನಮ್ಮ ಮಗಳ ಸಂಸಾರ ಮಿಸಿಸಿಪಿ ನದಿಯ ದಡದ ಸೇಂಟ್ ಲೂಯಿಸ್ ನಗರದಲ್ಲಿದೆ. ಕಳೆದ ಬೇಸಗೆಯನ್ನು ನಾವು ಅಲ್ಲಿ ಕಳೆದೆವು. ಪಕ್ಕದ ಮನೆಯವರು ಚರಿತ್ರೆಯ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ವೃತ್ತಿಬಾಂಧವರಾದುದರಿಂದ ಸ್ನೇಹಕ್ಕೆ ಎರಡು ದಿನವೂ ಬೇಕಾಗಲಿಲ್ಲ. ಮೂರನೆಯವರು ಧಾರವಾಡದ ಕಡೆಯ ಎಂಜಿನಿಯರು. ನಾಲ್ವತ್ತು ವರ್ಷಗಳಿಂದ ಅಲ್ಲಿಯೇ ನೆಲೆಸಿದವರು. ಅವರು ರಾತ್ರಿಯ ಊಟಕ್ಕೆ ಮುಂಚೆ ಒಂದು ಲೋಟ ಬಿಯರನ್ನು ಸೇವಿಸುತ್ತಾರೆ, ಮುಚ್ಚಿಡುವುದಿಲ್ಲ. ಉಪಾಧ್ಯಾಯರಾದರೋ ಅದರ ವಾಸನೆಗೇ ಮುಖ ತಿರುಗಿಸುವರು. ಹೀಗಿದ್ದರೂ, ಮೂರು ಊರುಗಳಲ್ಲಿ ಮೂರು ಆಟಗಳನ್ನೂ ಎರಡು ಬಿಯರ್ ಮನೆಗಳನ್ನೂ ನೋಡಿಬರುವುದೆಂದು ಯೋಜನೆ ಹಾಕಿದವರು ಅವರೇ! ಕಾರು ನಡೆಸಿದವರೂ ಅವರೇ. ಇದರ ಮರ್ಮ ನಮಗೆ ಮೊದಲು ತಿಳಿಯಲಿಲ್ಲ.

ಬೇಸ್‌ಬಾಲ್ ಆಟವು ಕ್ರಿಕೆಟ್ಟಿಗೆ ದಾಯಾದಿ. ಪಕ್ಷಕ್ಕೆ 9 ಮಂದಿ, ಆಟಕ್ಕೆ 9 ಸರದಿ. ವಜ್ರಾಕೃತಿಯಲ್ಲಿ ನಾಲ್ಕು ಠಾಣೆಗಳು. ಒಂದರಿಂದೊಂದಕ್ಕೆ 90 ಅಡಿ. ಚೆಂಡನ್ನು ಹೊಡೆದವನು ಮೂರು ಠಾಣೆಗಳನ್ನು ಮುಟ್ಟಿ ಹೊರಟಲ್ಲಿಗೇ ಬಂದು ಸೇರಿದರೆ ಒಂದು ಓಟ. ಆ ಕೊನೆಯ ಠಾಣೆಗೆ ಅವರು ಇಟ್ಟ ಹೆಸರೇ 'ಮನೆ'. ಮೂವರು ಔಟಾದರೆ ಎದುರು ಪಕ್ಷದ ಸರದಿ. 2023ರಿಂದ ಚೆಂಡೆಸೆಯುವವನಿಗೆ ಗಡಿಯಾರದ ಕಟ್ಟು ಬಂದಿದೆ. ಆಟವು ಮಾತ್ರ ಇಷ್ಟೇ ಹೊತ್ತಿಗೆ ಮುಗಿಯತಕ್ಕದ್ದೆಂಬ ನಿಯಮವಿಲ್ಲ. ಆದುದರಿಂದ ಪಕ್ಕದಲ್ಲಿ ಕುಳಿತವರೊಡನೆ ಮಾತನಾಡಲು ಅವಕಾಶ ಧಾರಾಳ.

ಮೊದಲು ಸೇಂಟ್ ಲೂಯಿಸ್ಸಿನ ಆನ್‌ಹೈಸರ್-ಬುಷ್ ಕಾರ್ಖಾನೆಯನ್ನು ನೋಡಿದೆವು. ಕೆಂಪು ಇಟ್ಟಿಗೆಯ ಹಳೆಯ ಕಟ್ಟಡಗಳು. 1885ರಲ್ಲಿ ಕಟ್ಟಿದ ಲಾಯದಲ್ಲಿ ಆನೆಮರಿಗಳಂತಹ ಕ್ಲೈಡ್ಸ್‌ಡೇಲ್ ಕುದುರೆಗಳು. ಬಿಯರ್ ಮಾಡುವ ಕ್ರಮವನ್ನು ವಿವರಿಸುವಾಗ ನಮಗೆ ನೆನಪಾದುದು ನಮ್ಮ ಅಡಿಗೆಯ ಮನೆ. ಜವೆಗೋದಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಒಡೆದು, ಬಿಸಿನೀರಿನಲ್ಲಿ ಕಲಸಿಡುತ್ತಾರೆ. ಕೂಸಿಗೆ ಉಣಿಸಲು ನಮ್ಮ ಹೆಂಗಸರು ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡುವುದಿಲ್ಲವೇ? ಮೊಳೆತ ಧಾನ್ಯದ ಪಿಷ್ಟವು ಬಿಸಿನೀರಿನಲ್ಲಿ ಸಿಹಿಯಾಗಿ ಮಾರ್ಪಡುತ್ತದೆ. ಆ ಸಿಹಿನೀರನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಕಹಿ ಹೂವಿನೊಡನೆ ಕುದಿಸಿ, ಆರಿಸಿ, ಕೊನೆಗೆ ಕಿಣ್ವವನ್ನು ಸೇರಿಸುತ್ತಾರೆ. ಕಿಣ್ವವೆಂಬ ಈ ಮಾತು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಪ್ರಕರಣದಲ್ಲಿಯೇ ಉಂಟು. ದೋಸೆಯ ಹಿಟ್ಟನ್ನು ಉಬ್ಬಿಸುವ ಹುದುಗೂ ಅದರ ನೆಂಟನೇ. ಕಿಣ್ವವು ಸಿಹಿಯನ್ನು ತಿಂದು ಮದ್ಯವನ್ನೂ ವಾಯುವನ್ನೂ ಹೊರಬಿಡುತ್ತದೆ. ಅದು ಬೀಳುವ ತನಕ ಆ ನೀರು ಧಾನ್ಯದ ರಸ. ಬಿದ್ದ ಮೇಲೆ ಮದ್ಯ. 1920ರಿಂದ 1933ರವರೆಗೆ ಆ ದೇಶದಲ್ಲಿ ಪಾನನಿರೋಧ ಜಾರಿಯಲ್ಲಿದ್ದಾಗ, ಈ ಕಾರ್ಖಾನೆಯವರು ರೊಟ್ಟಿಯ ಹುದುಗನ್ನೂ ಐಸ್‌ಕ್ರೀಮನ್ನೂ ಮಾರಿ ಬದುಕಿಕೊಂಡರಂತೆ.

ಚೆಂಡಿಗೂ ಬಿಯರಿಗೂ ಗಂಟು ಬಿದ್ದ ಕಥೆಯನ್ನು ಉಪಾಧ್ಯಾಯರು ಒಂದು ಸಮಾಧಿಯ ಮುಂದೆ ನಿಂತು ಹೇಳಿದರು. ಅದು ಕ್ರಿಸ್ ಫಾನ್ ಡೆರ್ ಆಹೆ ಎಂಬಾತನ ಸಮಾಧಿ. ಜರ್ಮನಿಯಿಂದ ಬಂದ ಆತ ದಿನಸಿಯ ಅಂಗಡಿಯನ್ನೂ ಪಾನಗೃಹವನ್ನೂ ಇಟ್ಟುಕೊಂಡಿದ್ದನು. ಆಟದ ದಿನಗಳಲ್ಲಿ ತನ್ನಲ್ಲಿಗೆ ಜನ ಮುಗಿಬೀಳುವುದನ್ನು ಕಂಡು, ಆಟವು ಸರಿಯಾಗಿ ತಿಳಿಯದಿದ್ದರೂ ಊರಿನ ತಂಡವನ್ನೇ ಕೊಂಡುಕೊಂಡನು. ಆಗಿನ ದೊಡ್ಡ ಸಂಘದವರು ಬಯಲಿನಲ್ಲಿ ಬಿಯರ್ ಮಾರಿದರೆಂಬ ಕಾರಣಕ್ಕೆ 1880ರಲ್ಲಿ ಸಿನ್ಸಿನಾಟಿ ತಂಡವನ್ನು ಹೊರಹಾಕಿದ್ದರು. ಇದಕ್ಕೆ ಪ್ರತಿಯಾಗಿ ಹುಟ್ಟಿ 1882ರಲ್ಲಿ ಆಟವನ್ನಾರಂಭಿಸಿದ ಹೊಸ ಸಂಘವು ಅರ್ಧ ಬೆಲೆಯ ಟಿಕೀಟು, ಭಾನುವಾರದ ಆಟ, ಬಿಯರ್ ಈ ಮೂರನ್ನೂ ಕೊಟ್ಟಿತು. ಕೂಲಿಯವರಿಗೆ ಬಯಲಿನ ಬಾಗಿಲು ತೆರೆದುದು ಹೀಗೆ. ಫಾನ್ ಡೆರ್ ಆಹೆ ಹಣ ಗಳಿಸಿದನು, ಬಯಲಿನ ಬಳಿ ತನ್ನದೇ ಪ್ರತಿಮೆಯನ್ನು ನಿಲ್ಲಿಸಿಕೊಂಡನು, ಎಲ್ಲವನ್ನೂ ಕಳೆದುಕೊಂಡು 1913ರಲ್ಲಿ ತೀರಿಕೊಂಡನು. ಆ ಪ್ರತಿಮೆಯೇ ಈಗ ಅವನ ಸಮಾಧಿಯ ಮೇಲಿದೆ. ಅವನ ತಂಡದ ವಂಶದ್ದೇ ಆದ ಕಾರ್ಡಿನಲ್ಸ್ ತಂಡದ ಆಟವನ್ನು ಆ ರಾತ್ರಿ ನೋಡಿದೆವು.

ಮಾರನೆಯ ದಿನ ಮುನ್ನೂರು ಮೈಲಿ ಮೋಟಾರುಪ್ರಯಾಣ. ಇಲಿನಾಯ್ ಸಂಸ್ಥಾನದ ದಾರಿಯುದ್ದಕ್ಕೂ ಮುಸುಕಿನ ಜೋಳ, ಸೋಯಾ. ಮತ್ತೆ ಮುಸುಕಿನ ಜೋಳ. ಸಂಜೆಗೆ ಷಿಕಾಗೋ ಸೇರಿ, ಮರುದಿನ ಮಧ್ಯಾಹ್ನ ರಿಗ್ಲಿ ಫೀಲ್ಡಿಗೆ ಹೋದೆವು. 1914ರ ಈ ಬಯಲು ವಠಾರದ ನಡುವಣ ದೇವಸ್ಥಾನದಂತೆ ಮನೆಗಳ ಮಧ್ಯದಲ್ಲಿದೆ. ಹೊರಬಯಲಿನ ಇಟ್ಟಿಗೆಯ ಗೋಡೆಗೆ 1937ರಲ್ಲಿ ಹಬ್ಬಿಸಿದ ಹಸಿರು ಬಳ್ಳಿ. ಅಂದಿನದೇ ಆದ ಲೆಕ್ಕದ ಹಲಗೆಯಲ್ಲಿ ಇಂದಿಗೂ ಮನುಷ್ಯರೇ ಕೈಯಿಂದ ಅಂಕಿಗಳನ್ನು ಬದಲಿಸುತ್ತಾರೆ. ರಾತ್ರಿಯ ಆಟಕ್ಕೆ ದೀಪ ಹಾಕಿದುದು 1988ರಲ್ಲಿ.

ಇಲ್ಲಿಯ ಕಬ್ಸ್ ತಂಡವು 1908ರಲ್ಲಿ ಗೆದ್ದ ಜಗತ್ಪಂದ್ಯವನ್ನು ಮತ್ತೆ ಗೆದ್ದುದು 2016ರಲ್ಲಿ. ನಡುವೆ 108 ವರ್ಷ! ಆಗ ಊರಿನವರು ಸೀಮೆಸುಣ್ಣದ ಕಡ್ಡಿಗಳನ್ನು ಹಿಡಿದು ಬಂದು, ಈ ಗೆಲುವನ್ನು ಕಾಣದೆ ತೀರಿಹೋದ ತಂದೆ ತಾತಂದಿರ ಹೆಸರುಗಳನ್ನು ಹೊರಗೋಡೆಯ ಇಟ್ಟಿಗೆಗಳ ಮೇಲೆ ಬರೆದರು. ಗೋಡೆಯೆಲ್ಲ ಹೆಸರಾಯಿತು. ಇದು ತರ್ಪಣವಲ್ಲದೆ ಮತ್ತೇನು? ಉಪಾಧ್ಯಾಯರು ಗೋಡೆಯ ಒಂದು ಮೂಲೆಯಲ್ಲಿ ನಿಂತು, ಇಟ್ಟಿಗೆಯೊಂದನ್ನು ಬೆರಳಿನಿಂದ ಮುಟ್ಟಿದರು. ಸುಣ್ಣವು ಮಳೆಗೆ ಹೋಗಿ ಎಷ್ಟೋ ವರ್ಷಗಳಾಗಿದ್ದವು.

"ಮೇಷ್ಟರೇ, ನನ್ನ ತಂದೆಯ ಹೆಸರನ್ನು ಬರೆದುದು ಇಲ್ಲಿ. ಅದಕ್ಕಾಗಿಯೇ ಮುನ್ನೂರು ಮೈಲಿ ಬಂದಿದ್ದೆ" ಎಂದರು.

ಆಮೇಲೆ ಬೆಂಚಿನ ಮೇಲೆ ಕುಳಿತು ಉಳಿದುದನ್ನು ಹೇಳಿದರು. ಅವರ ತಂದೆ ಕುಡಿಯುತ್ತಿದ್ದರು. ಸಂಬಳದ ದಿನ ತಾಯಿ ಬಾಗಿಲ ಸಂದಿಯಲ್ಲಿ ನಿಂತು ಹೆಜ್ಜೆಯ ಸಪ್ಪಳದಿಂದಲೇ ಆ ರಾತ್ರಿ ಹೇಗಿರುವುದೆಂದು ಊಹಿಸುತ್ತಿದ್ದರು. ಆದರೆ ಭಾನುವಾರ ಮಗನನ್ನು ಈ ಬಯಲಿಗೆ ಕರೆತಂದು, ಪ್ರತಿಯೊಂದು ಹೊಡೆತವನ್ನೂ ಲೆಕ್ಕದ ಹಾಳೆಯಲ್ಲಿ ಗುರುತು ಹಾಕುವುದನ್ನು ಕಲಿಸಿದವರೂ ಅವರೇ. "ಒಂದು ಕೈಯಲ್ಲಿ ಲೋಟವಿತ್ತು, ಇನ್ನೊಂದರಲ್ಲಿ ಪೆನ್ಸಿಲಿತ್ತು. ನಾನು ಪೆನ್ಸಿಲನ್ನು ತೆಗೆದುಕೊಂಡೆ, ಲೋಟವನ್ನು ಬಿಟ್ಟೆ. ನನ್ನ ಮಗನು ಲೋಟವನ್ನೇ ಎತ್ತಿಕೊಂಡನು." ಮಗನು ಮಿಲ್ವಾಕಿಯಲ್ಲಿ ಇಬ್ಬರು ಜೊತೆಗಾರರೊಡನೆ ಸಣ್ಣದೊಂದು ಬಿಯರ್ ಮನೆಯನ್ನು ನಡೆಸುತ್ತಿರುವನು, ಆರು ವರ್ಷಗಳಾದರೂ ತಂದೆ ಅಲ್ಲಿ ಕಾಲಿಟ್ಟಿರಲಿಲ್ಲ. ಒಬ್ಬರೇ ಹೋಗಲು ಧೈರ್ಯ ಸಾಲದೆ ನಮ್ಮಿಬ್ಬರನ್ನು ಕೂಡಿಸಿಕೊಂಡಿದ್ದರು. ಯೋಜನೆಯ ಮರ್ಮ ಇದು. ಮದ್ಯದಿಂದ ಯಾದವಕುಲವು ಪ್ರಭಾಸದಲ್ಲಿ ನಾಶವಾದುದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ ನಮಗೆ ಆಗ ಹೇಳಲು ಒಂದು ಮಾತೂ ತೋಚಲಿಲ್ಲ.

ಮಿಲ್ವಾಕಿ ಅಲ್ಲಿಂದ ತೊಂಬತ್ತು ಮೈಲಿ. ಜರ್ಮನ್ ವಲಸೆಗಾರರು ಬಿಯರಿನಿಂದಲೇ ಬೆಳೆಸಿದ ಊರು. ತಂಡದ ಹೆಸರು ಬ್ರೂವರ್ಸ್, ಎಂದರೆ ಬಿಯರ್ ಮಾಡುವವರು. ಮಗನ ಬಿಯರ್ ಮನೆಯು ಹಳೆಯ ಗೋದಾಮಿನಲ್ಲಿತ್ತು. ಮೂವತ್ತೈದರ ಗಡ್ಡದ ಯುವಕ. ರಬ್ಬರು ಬೂಟು ಹಾಕಿಕೊಂಡು ನೆಲ ತೊಳೆಯುತ್ತಿದ್ದವನು ತಂದೆಯನ್ನು ಕಂಡು ನೀರಿನ ಕೊಳವೆಯನ್ನು ನಿಲ್ಲಿಸಿದನು. ಅಪ್ಪುಗೆಯೇನೂ ನಡೆಯಲಿಲ್ಲ. ಕೊಪ್ಪರಿಗೆಗಳನ್ನು ಒಂದೊಂದಾಗಿ ತೋರಿಸಿದನು. ತಂದೆ ಪರೀಕ್ಷಕರಂತೆ ಕೈಕಟ್ಟಿ ನಡೆದರು. ಮುಂಜಾನೆ ಕಲಸಿಟ್ಟ ಜವೆಗೋದಿಯ ನೀರು ಆಗತಾನೆ ಸೋಸಿ ಬರುತ್ತಿತ್ತು. ಅವನು ಅದನ್ನು ಚಿಕ್ಕ ಲೋಟಕ್ಕೆ ಹಿಡಿದು ಮುಂದೆ ಚಾಚಿದನು.

"ಇದಕ್ಕೆ ಇನ್ನೂ ಕಿಣ್ವ ಬಿದ್ದಿಲ್ಲ, ಅಪ್ಪಾ. ಬರೀ ಧಾನ್ಯ, ನೀರು."

ಉಪಾಧ್ಯಾಯರು ಲೋಟವನ್ನು ನೋಡುತ್ತ ಬಹಳ ಹೊತ್ತು ನಿಂತರು. ಎಂಜಿನಿಯರು ಅತ್ತ ತಿರುಗಿ ಗೋಡೆಯ ಮೇಲಿನ ಪಟವನ್ನು ಓದತೊಡಗಿದರು. ಕೊನೆಗೆ ಅವರು ಕುಡಿದರು. ಕುಡಿದು ಲೋಟವನ್ನು ನಮಗೆ ತೋರಿಸಿ, "ಮೇಷ್ಟರಿಗೂ ಕೊಡು" ಎಂದರು. ನಾವೂ ಕುಡಿದೆವು. ಬೆಚ್ಚಗೆ, ಬೆಲ್ಲ ಹಾಕಿದ ರಾಗಿಯ ಗಂಜಿಯ ತಿಳಿಯಂತೆ, ಬಹು ಸಿಹಿಯಾಗಿತ್ತು.

ಆ ಸಂಜೆ ನಾಲ್ವರೂ ಆಟಕ್ಕೆ ಹೋದೆವು. 2001ರಲ್ಲಿ ತೆರೆದ ಆ ಕ್ರೀಡಾಂಗಣದ ಚಾವಣಿಯು ಬೀಸಣಿಗೆಯಂತೆ ತೆರೆದು ಮುಚ್ಚುತ್ತದೆ. ಅದನ್ನು ಕಟ್ಟುವಾಗ, 1999ರ ಜುಲೈ 14ರಂದು, ದೊಡ್ಡ ಭಾರಯಂತ್ರವು ಕುಸಿದು ಮೂವರು ಕೆಲಸಗಾರರು ಸತ್ತರು. ಅವರ ನೆನಪಿಗೆ ಹೊರಗೆ ಕಂಚಿನ ಪ್ರತಿಮೆಗಳಿವೆ. ನಾಲ್ಕನೆಯ ಸರದಿಯಲ್ಲಿ ಉಪಾಧ್ಯಾಯರು ಲೆಕ್ಕದ ಹಾಳೆಯನ್ನೂ ಪೆನ್ಸಿಲನ್ನೂ ಮಗನ ಕೈಗೆ ಕೊಟ್ಟರು. ಮಗನು ತನ್ನ ಬಿಯರ್ ಲೋಟವನ್ನು ಕಾಲಿನ ಬಳಿ ಇಟ್ಟು ಗುರುತು ಹಾಕಿದನು. ತಾತನ ರೀತಿಯ ಗುರುತುಗಳೇ ಅವನಿಗೂ ಬರುತ್ತಿದ್ದವು. ತಂದೆ ಲೋಟವನ್ನು ನೋಡಿದರು, ಏನೂ ಹೇಳಲಿಲ್ಲ.

ನಮ್ಮಲ್ಲಿ ಪಿತೃಋಣವೆಂಬ ಮಾತುಂಟು. ಹಿರಿಯರು ಬಿಟ್ಟುಹೋಗುವ ಆಸ್ತಿಯಲ್ಲಿ ಸಾಲವೂ ಸೇರಿರುವುದೆಂಬುದನ್ನು ಸಂಸಾರಿಗಳು ಬಲ್ಲರು. ತಮ್ಮ ನಡತೆಯಲ್ಲಿ ಒಳ್ಳೆಯದನ್ನು ಮಾತ್ರ ಅನುಸರಿಸಬೇಕೆಂದು ತೈತ್ತಿರೀಯೋಪನಿಷತ್ತಿನ ಗುರುವು ಶಿಷ್ಯನಿಗೆ ಅಪ್ಪಣೆ ಮಾಡುತ್ತಾನೆ. ಪಾಠ ಹೇಳುವಾಗ ಇದು ಸುಲಭವೆಂದು ತೋರುತ್ತಿತ್ತು. ಯಾವುದು ಒಳ್ಳೆಯದೆಂಬುದರಲ್ಲಿ ತಂದೆಯ ಎಣಿಕೆಯೊಂದು, ಮಗನ ಎಣಿಕೆಯೊಂದಾದರೆ ಏನು ಮಾಡತಕ್ಕದ್ದು? ಒಂದೇ ಬೆಂಚಿನ ಮೇಲೆ ಒಂಬತ್ತು ಸರದಿ ಕುಳಿತಿರುವುದು ಉತ್ತರವಲ್ಲದಿರಬಹುದು. ಆದರೆ ಎದ್ದುಹೋಗುವುದಂತೂ ಉತ್ತರವಲ್ಲ.

ಹೊರಡುವಾಗ ಆ ಯುವಕನು ತಂದೆಗೆ ಮೊಳಕೆಯ ಜವೆಗೋದಿಯ ಸಣ್ಣ ಚೀಲವೊಂದನ್ನು ಕೊಟ್ಟನು. ಸೇಂಟ್ ಲೂಯಿಸ್ಸಿಗೆ ಬಂದ ಮೇಲೆ ಅವರು ಅದರಲ್ಲಿ ಅರ್ಧವನ್ನು ನಮ್ಮ ಮನೆಗೆ ತಂದುಕೊಟ್ಟು, "ನನ್ನ ಮಗನು ಕೊಟ್ಟುದು" ಎಂದರು. ನಮ್ಮ ಮಗಳು ಅದನ್ನು ಹುರಿದು ಬೀಸಿ, ಜರಡಿ ಹಿಡಿದು, ಮೊಮ್ಮಗುವಿನ ಗಂಜಿಗೆ ಬೆರಸುತ್ತಿದ್ದಳು.