ಸೂರೇ ಗೋಡೆಯಾದ ಮನೆ

ಶನಿವಾರ ಬಂತೆಂದರೆ ಬೆಂಗಳೂರಿನ ಇಂದಿರಾನಗರ, ಕೆ.ಆರ್. ಪುರದ ಕಡೆಯ ಕಾರುಗಳು ಸಕಲೇಶಪುರ, ಚಿಕ್ಕಮಗಳೂರಿನ ದಾರಿ ಹಿಡಿಯುತ್ತವೆ. ಅಲ್ಲಿ ಕಾಫಿ ತೋಟದ ನಡುವೆ, ಕೆರೆಯ ದಡದಲ್ಲಿ ಎ-ಫ್ರೇಮ್ ಮನೆಗಳು ಎದ್ದಿವೆ. ಎರಡು ಇಸ್ಪೀಟ್ ಎಲೆಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದ ಹಾಗೆ ಎರಡು ಇಳಿಜಾರು, ಮುಂಭಾಗಕ್ಕೆಲ್ಲ ಗಾಜು, ಏಣಿ ಹತ್ತಿದರೆ ಅಟ್ಟದ ಮೇಲೊಂದು ಹಾಸಿಗೆ. ಇವುಗಳ ಮೇಲೆ ನನಗೆ ಬಹಳ ಆಸೆ. ಗೋಡೆಗೆ ಬೀರು ಆನಿಸಲಾಗದು, ಅಂಚಿನಲ್ಲಿ ತಲೆ ತಗ್ಗಿಸಿಯೇ ಓಡಾಡಬೇಕು. ಆದರೂ ಆಸೆ ಬಿಡದು, ಕಾರಣ ಆ ಸೂರು. ನಮ್ಮ ತಾರಸಿ ಮನೆಗಳಲ್ಲಿ ಸೂರು ಕಣ್ಣಿಗೆ ಬೀಳುವುದೇ ಇಲ್ಲ. ಅದು ನೀರಿನ ಟ್ಯಾಂಕಿಗೆ, ಒಣಹಾಕಿದ ಬಟ್ಟೆಗೆ ಸೇರಿದ್ದು. ಇಲ್ಲಿ ಅದು ಕೈಗೆಟುಕುವಷ್ಟು ಕೆಳಗಿಳಿದು ಬರುತ್ತದೆ. ಅಟ್ಟದಲ್ಲಿ ಮಲಗಿದವರ ಕಿವಿಯಿಂದ ಒಂದು ಮೊಳ ದೂರದಲ್ಲೇ ಮಳೆ ಹೊಯ್ಯುತ್ತದೆ.

ಹಿಮ ಬೀಳುವ ಎಷ್ಟೋ ನಾಡುಗಳಲ್ಲಿ ಸೂರನ್ನು ಹೀಗೆ ಕಡಿದಾಗಿ ಕಟ್ಟುತ್ತಾರೆ. ಹಿಮ ನಿಲ್ಲದೆ ಜಾರಿಹೋಗಲಿ ಎಂದು. ಕ್ಯಾಲಿಫೋರ್ನಿಯಾದ ಲೇಕ್ ಆ್ಯರೋಹೆಡ್ ಎಂಬ ಕಾಡು-ಕೆರೆಯ ಊರಿನಲ್ಲಿ ಮನೆಗಳು ಫ್ರಾನ್ಸಿನ ನಾರ್ಮಂಡಿ ಶೈಲಿಯಲ್ಲೇ ಇರಬೇಕೆಂಬ ಕಟ್ಟಳೆಯಿತ್ತು. 1930ರ ದಶಕದಲ್ಲಿ ವಾಸ್ತುಶಿಲ್ಪಿ ರುಡಾಲ್ಫ್ ಶಿಂಡ್ಲರ್ ಅಲ್ಲಿ ಸೂರನ್ನು ನೆಲದವರೆಗೂ ಇಳಿಸಿ, ಇದೂ ನಾರ್ಮಂಡಿಯದೇ ಎಂದು ಒಪ್ಪಿಸಿ ಮನೆ ಕಟ್ಟಿದ. ಎರಡನೇ ಮಹಾಯುದ್ಧದ ನಂತರ ಈ ಮಾದರಿ ಅಗ್ಗದ ರಜೆಮನೆಯಾಗಿ ಅಮೆರಿಕದ ತುಂಬ ಹರಡಿತು.

ಆದರೆ ಚೂಪು ಸೂರು, ಮರ, ಕೆರೆ ಈ ಮೂರನ್ನೂ ಹುಡುಕಿಕೊಂಡು ನಾವು ಇನ್ನೂರು ಕಿಲೋಮೀಟರ್ ಹೋಗುವಾಗ, ಅವು ನಮ್ಮ ಊರಿನ ಪೂರ್ವಕ್ಕೇ ಇದ್ದವು ಎಂಬುದು ನೆನಪಾಗಿ ಸಂಕಟವಾಗುತ್ತದೆ. 1809ರಲ್ಲಿ ಬ್ರಿಟಿಷರ ದಂಡು ಬಂದು ನೆಲೆಯೂರಿದ ಮೇಲೆ ಹಲಸೂರು ಕೆರೆಯ ಆಸುಪಾಸಿನಲ್ಲಿ ಬಂಗಲೆಗಳೆದ್ದವು. 1882ರಲ್ಲಿ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ 3,900 ಎಕರೆ ಕೊಟ್ಟಾಗ, ಕೆ.ಆರ್. ಪುರದಿಂದಾಚೆ ವೈಟ್‌ಫೀಲ್ಡ್ ಹುಟ್ಟಿತು: ನಡುವೆ ದುಂಡನೆಯ ಬಯಲು, ಸುತ್ತ ತೋಟದ ಮನೆಗಳು.

ಆ ಬಂಗಲೆ, ತೋಟದ ಮನೆಗಳ ಮಂಕಿ ಟಾಪನ್ನು ಹತ್ತಿರ ನಿಂತು ನೋಡಬೇಕು. ಕಿಟಕಿಯ ನೆತ್ತಿಯ ಮೇಲೆ ಮುಂದಕ್ಕೆ ಚಾಚಿದ ಮುಕ್ಕೋನದ ಮರದ ಮುಸುಕು ಅದು. ಕಿರಿದಾದ ಪಟ್ಟಿಗಳನ್ನು ಬೆರಳು ತೂರುವಷ್ಟು ಸಂದು ಬಿಟ್ಟು ನೆಟ್ಟಗೆ ಜೋಡಿಸಿರುತ್ತಾರೆ; ಪಟ್ಟಿಗಳ ತುದಿಯನ್ನು ಈಟಿಯಂತೆ ಚೂಪಾಗಿ ಕೆತ್ತಿರುವುದೂ ಉಂಟು. ಬಿಸಿಲು ಸೋಸಿ ಒಳಬರುತ್ತದೆ, ಗಾಳಿ ತಡೆಯಿಲ್ಲದೆ ಆಡುತ್ತದೆ, ಎರಚಲು ಮಾತ್ರ ಹೊರಗೇ ಉಳಿಯುತ್ತದೆ. ಮೇಲೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ನೇತ್ರಾವತಿ ತೀರದಲ್ಲಿ ಕಾರ್ಖಾನೆ ತೆರೆದ ಮೇಲೆ ಬಂದದ್ದು ಈ ಹೆಂಚು. ಅದಕ್ಕೆ ಗಾರೆ ಬೇಡ, ಅಡಿಯ ಗುಬ್ಬಿ ರೀಪಿಗೆ ಸಿಕ್ಕಿಸಿದರೆ ಸಾಕು. ಹೆಂಚಿನ ಸಂದುಗಳಿಂದ ಮಾಡಿನ ಬಿಸಿಗಾಳಿ ತಾನಾಗಿ ಹೊರಬೀಳುತ್ತದೆ. ಒಂದು ಒಡೆದರೆ ಅದೊಂದನ್ನೇ ಬದಲಿಸಬಹುದು.

ರಿಚರ್ಡ್ಸ್ ಟೌನ್, ಕುಕ್ ಟೌನ್ ಕಡೆ ಇಂಥ ಮನೆಗಳು ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಗೇಟಿನಾಚೆಯಿಂದ ಕಂಡಾಗಲೆಲ್ಲ ನನ್ನ ಕಾಲು ನಿಧಾನವಾಗುತ್ತದೆ. ಒಂದು ಮನೆ ಉರುಳಿದರೆ ಅದರ ಅಂಗಳದ ಮಾವು, ಹಲಸೂ ಉರುಳುತ್ತವೆ; ಆ ನಷ್ಟ ಬರಿಯ ಕಟ್ಟಡದ್ದಲ್ಲ.

ಮಲೆನಾಡಿನಲ್ಲಿ ಎ-ಫ್ರೇಮ್ ಕಟ್ಟಿಸುವವರು ಮೊದಲು ಈ ಬೀದಿಗಳಲ್ಲಿ ಒಮ್ಮೆ ಅಡ್ಡಾಡಿ ಬರಲಿ ಎಂಬುದು ನನ್ನ ಕೋರಿಕೆ. ತಗಡು ಹೊದಿಸಿದ ಅಟ್ಟ ಏಪ್ರಿಲ್ ಮಧ್ಯಾಹ್ನ ಕುದಿಯುತ್ತದೆ. ಬದಲಿಗೆ ಹೆಂಚು ಹೊದಿಸಬಹುದು. ಇಳಿಜಾರು ಕಡಿದಾದ್ದರಿಂದ ಜಾರದಂತೆ ತಂತಿಯಿಂದ ಬಿಗಿಯಬೇಕು, ಅಷ್ಟೇ. ಹಿಂದುಮುಂದಿನ ಎರಡೂ ಮುಕ್ಕೋನಗಳ ನೆತ್ತಿಗೆ ಗಾಜಿನ ಬದಲು ಮಂಕಿ ಟಾಪಿನ ಪಟ್ಟಿ ಕೂರಿಸಿದರೆ ಬಿಸಿ ನಿಲ್ಲದು. ಮುಂದೆ ಕೆರೆಯ ಕಡೆಗೆ, ನಾಲ್ಕು ಕುರ್ಚಿ ಹಿಡಿಸುವಷ್ಟು ವರಾಂಡ ಬಿಡಲಿ.